ವಿಶೇಷ ತರಗತಿ ಸಾಕು, ಲೆಕ್ಕದ ಹಾಳೆ ಕೊಡಿ: ಹಾಸನದ ಡಿಡಿಪಿಯು ಅವರಿಗೊಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ (ಪದವಿಪೂರ್ವ), ಹಾಸನ ಜಿಲ್ಲೆ.
(ಪ್ರಾಂಶುಪಾಲರು, ಗಣಿತ ಉಪನ್ಯಾಸಕರು ಮತ್ತು ಪೋಷಕರ ಗಮನಕ್ಕೂ)

ಮಾನ್ಯರೇ,

ಪಿಯು ಗಣಿತದ ಫಲಿತಾಂಶ ಮೇಲೆತ್ತಬೇಕು ಎಂದ ಕೂಡಲೇ ಹೊರಡುವುದು ವಿಶೇಷ ತರಗತಿಯ ಸುತ್ತೋಲೆ. ಬೆಳಗ್ಗೆಯೋ ಸಂಜೆಯೋ ಒಂದು ಪೀರಿಯಡ್ ಹೆಚ್ಚಾಗುತ್ತದೆ. ಅಲ್ಲಿ ಆಗುವುದು ಹಗಲು ಹೇಳಿದ ಪಾಠದ ಮರುಪ್ರಸಾರ. ಉಪನ್ಯಾಸಕರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾರೆ, ಮಕ್ಕಳು ಇಳಿಸಿಕೊಳ್ಳುತ್ತಾರೆ, ಬೆಲ್ ಹೊಡೆಯುತ್ತದೆ. ಬಿಡಿಸಿದ ಲೆಕ್ಕ ಅರ್ಥವಾಯಿತು ಅನ್ನುವುದಕ್ಕೂ ಬಿಡಿಸದ ಲೆಕ್ಕವನ್ನು ಖಾಲಿ ಹಾಳೆಯ ಮುಂದೆ ಕೂತು ತಾನೇ ಬಿಡಿಸುವುದಕ್ಕೂ ಎಷ್ಟು ದೂರ ಎಂಬುದು ಉತ್ತರಪತ್ರಿಕೆ ತಿದ್ದಿದ ಯಾರಿಗಾದರೂ ಗೊತ್ತು.

ಜಿಲ್ಲೆಯಲ್ಲಿ ಪಿಯು ಗಣಿತ ಕಲಿಸುತ್ತಿರುವ, ಕಲಿಸಿ ನಿವೃತ್ತರಾದ ನಾವು ಕೆಲವರು ಕೇಳುತ್ತಿರುವುದು ಹೆಚ್ಚಿನದೇನಲ್ಲ. ಆ ಹೆಚ್ಚುವರಿ ಪೀರಿಯಡ್‌ನಲ್ಲಿ ಸೀಮೆಸುಣ್ಣ ಮೇಜಿನ ಮೇಲಿರಲಿ, ಪೆನ್ನು ಮಕ್ಕಳ ಕೈಯಲ್ಲಿರಲಿ. ವಾರಕ್ಕೊಂದು ಲೆಕ್ಕದ ಹಾಳೆ ಎಂಟೂ ತಾಲ್ಲೂಕಿನ ಸರ್ಕಾರಿ, ಅನುದಾನಿತ ಕಾಲೇಜುಗಳಿಗೆ ತಲುಪಲಿ. ಹಾಸನ ಪಟ್ಟಣದಲ್ಲಿ ಟ್ಯೂಷನ್ನಿಗೆ ಹೋಗುವ ಮಕ್ಕಳಿಗೆ ಇಂಥ ಹಾಳೆ ಅಲ್ಲಿಯೇ ಸಿಗುತ್ತದೆ. ಅರಕಲಗೂಡಿನ ಹಳ್ಳಿಯಿಂದ ಬಸ್ ಪಾಸ್ ಹಿಡಿದು ಬಂದು, ಸಂಜೆಯ ಬಸ್ ತಪ್ಪಿದರೆ ಮನೆ ಸೇರಲಾಗದ ಹುಡುಗಿಗೆ ಸಿಗುವುದಿಲ್ಲ. ಅಂತರ ಇರುವುದು ಬುದ್ಧಿಯಲ್ಲಲ್ಲ, ತಿಂಗಳಿಗೆ ಎಷ್ಟು ಲೆಕ್ಕ ಕೈಯಾರೆ ಬಿಡಿಸಿದ್ದಾರೆ ಎಂಬುದರಲ್ಲಿ.

ಮೊದಲು ಪರೀಕ್ಷೆಗಳು ಏನು ಕೇಳುತ್ತವೆ ನೋಡೋಣ. ದ್ವಿತೀಯ ಪಿಯು ಗಣಿತದ ಲಿಖಿತ ಪತ್ರಿಕೆ 80 ಅಂಕಕ್ಕೆ, ಆಂತರಿಕ ಅಂಕ 20. ಒಂದು ಅಂಕದವು 20, ಎರಡು ಅಂಕದವು ಆರು, ಮೂರು ಅಂಕದವು ಆರು, ಐದು ಅಂಕದವು ನಾಲ್ಕು, ಕೊನೆಯಲ್ಲಿ ಆರು ಮತ್ತು ನಾಲ್ಕು ಅಂಕದ ಎರಡು. ಆಯ್ಕೆ ಸಾಕಷ್ಟಿದೆ. ಆ ಆಯ್ಕೆಯೇ 'ಪಾಸಿಂಗ್ ಪ್ಯಾಕೇಜ್' ಎಂಬ ವಸ್ತುವನ್ನು ಹುಟ್ಟಿಸಿದ್ದು: ಈ ನಾಲ್ಕು ಅಧ್ಯಾಯ ಮಾಡು, ಇವಿಷ್ಟು ಪ್ರಮೇಯ ಬಾಯಿಪಾಠ ಮಾಡು, ಉಳಿದದ್ದು ಬಿಡು. ಪಾಸಾಗಲು ಅದು ಸಾಕಾಗಬಹುದು, ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಅರ್ಧ, ಸಿಇಟಿ ಅಂಕದ ಅರ್ಧ ಸೇರುತ್ತದೆ. ಸಿಇಟಿ ಗಣಿತ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಪ್ರಶ್ನೆಗೆ 80 ಸೆಕೆಂಡು. ಪ್ರಥಮ ಪಿಯು ಪಠ್ಯವೂ ಅದರಲ್ಲಿ ಬರುತ್ತದೆ. ಪ್ರಥಮ ಪಿಯು ಅಂಕ ಯಾವ ರ‍್ಯಾಂಕಿಗೂ ಸೇರುವುದಿಲ್ಲವಾದ್ದರಿಂದ ಆ ವರ್ಷ ತೇಲಿಹೋಗುತ್ತದೆ. ಕಾನಿಕ್ಸ್, ಬೈನಾಮಿಯಲ್, ಪರ್ಮ್ಯುಟೇಶನ್ ಎಲ್ಲ ಮರೆತು ಮಾರ್ಚ್ ತಿಂಗಳಲ್ಲಿ ಹೊಸದಾಗಿ ಶುರು ಮಾಡುವ ಪರಿಸ್ಥಿತಿ.

ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಕೆಲವು ಉದಾಹರಣೆ. 3×3 ಮ್ಯಾಟ್ರಿಕ್ಸಿನ ಡಿಟರ್ಮಿನೆಂಟ್ 4 ಇದೆ, ಪ್ರತಿ ಅಂಶವನ್ನೂ 2ರಿಂದ ಗುಣಿಸಿದರೆ ಡಿಟರ್ಮಿನೆಂಟ್ ಎಷ್ಟು ಎಂದು ಕೇಳಿ. ಬಹಳ ಮಂದಿ 8 ಬರೆಯುತ್ತಾರೆ. ಮೂರು ಸಾಲಿನಿಂದಲೂ ಒಂದೊಂದು 2 ಹೊರಬರುವುದರಿಂದ ಉತ್ತರ 2×2×2×4, ಅಂದರೆ 32. ಸೈನ್ 120 ಡಿಗ್ರಿಯ ಸೈನ್ ಇನ್ವರ್ಸ್ ಕೇಳಿದರೆ 120 ಎಂದೇ ಬರುತ್ತದೆ. ಪ್ರಿನ್ಸಿಪಲ್ ವ್ಯಾಲ್ಯೂ ಮೈನಸ್ 90ರಿಂದ 90ರೊಳಗೆ ಇರಬೇಕು, ಹಾಗಾಗಿ 60. ಸೈನ್ ಕರ್ವ್ 0ಯಿಂದ 2ಪೈ ವರೆಗೆ ಎಕ್ಸ್ ಅಕ್ಷದೊಡನೆ ಆವರಿಸುವ ವಿಸ್ತೀರ್ಣ ಕೇಳಿದರೆ ಒಂದೇ ಉಸಿರಿನಲ್ಲಿ ಇಂಟಿಗ್ರೇಟ್ ಮಾಡಿ ಸೊನ್ನೆ ಎನ್ನುತ್ತಾರೆ. ಚಿತ್ರ ಬರೆದಿದ್ದರೆ ಅರ್ಧ ಮೇಲೆ, ಅರ್ಧ ಕೆಳಗೆ ಇರುವುದು ಕಾಣುತ್ತಿತ್ತು. ಎರಡನ್ನೂ ಬೇರೆ ಬೇರೆ ತೆಗೆದು ಕೂಡಿದರೆ 4 ಚದರ ಏಕಮಾನ.

ಐದು ಅಂಕದ ಇಂಟಿಗ್ರೇಷನ್ ಪ್ರಶ್ನೆಯದು ಇನ್ನೊಂದು ಕಥೆ. ಸೂತ್ರ ಸಾಧಿಸುವ ಮೊದಲ ಭಾಗ ಅಚ್ಚುಕಟ್ಟಾಗಿ ಬರುತ್ತದೆ, ಉರು ಹೊಡೆದದ್ದು ತಾನೆ. 'ಹೆನ್ಸ್' ಎಂದು ಶುರುವಾಗುವ ಎರಡನೇ ಭಾಗದಲ್ಲಿ ಛೇದದಲ್ಲಿ 'ಎಕ್ಸ್ ಸ್ಕ್ವೇರ್ + 4ಎಕ್ಸ್ + 13' ಕಂಡರೆ ಪೆನ್ನು ನಿಲ್ಲುತ್ತದೆ. ಅದನ್ನು (ಎಕ್ಸ್ + 2)ರ ವರ್ಗ + 9 ಎಂದು ಬರೆಯುವುದು ವರ್ಗ ಪೂರ್ಣಗೊಳಿಸುವ ಹೈಸ್ಕೂಲಿನ ಕೆಲಸ. ಅಲ್ಲಿಗೆ ಬಂದವರಲ್ಲೂ ಹಲವರು 'ಟ್ಯಾನ್ ಇನ್ವರ್ಸ್' ಬರೆದು ಮುಂದಿನ 1/3 ಮರೆಯುತ್ತಾರೆ, ಇಲ್ಲವೇ 9ರ ವರ್ಗಮೂಲ 3 ಬರಬೇಕು ಎಂಬುದನ್ನು ನೋಡದೆ 1/9 ಹಾಕುತ್ತಾರೆ. ಕ್ಯಾಲ್ಕುಲಸ್ ಬರುವುದಿಲ್ಲ ಎಂದು ನಾವು ಮತ್ತೆ ಕ್ಯಾಲ್ಕುಲಸ್ ಪಾಠ ಮಾಡುತ್ತೇವೆ. ತೂತು ಇರುವುದು ಅದರ ಕೆಳಗಿನ ಆಲ್ಜೀಬ್ರಾದಲ್ಲಿ. ಬೋರ್ಡಿನ ಮೇಲೆ ಎಷ್ಟು ಸಲ ಬಿಡಿಸಿದರೂ ಈ ತೂತು ಕಣ್ಣಿಗೆ ಬೀಳದು. ಮಗುವಿನ ಹಾಳೆ ನೋಡಿದರೆ ಒಂದು ನಿಮಿಷದಲ್ಲಿ ಬೀಳುತ್ತದೆ.

ಹಾಳೆ ಎಂದರೆ ನಮ್ಮ ಮನಸ್ಸಿನಲ್ಲಿರುವುದು ಇಂಥದ್ದು. ಎ4 ಕಾಗದದ ಎರಡು ಮಗ್ಗುಲು, 12 ಲೆಕ್ಕ. ಐದು ಆ ವಾರದ ಅಧ್ಯಾಯದಿಂದ, ಮೂರು ಹಿಂದಿನ ತಿಂಗಳು ಮುಗಿದ ಅಧ್ಯಾಯದಿಂದ, ಎರಡು ಪ್ರಥಮ ಪಿಯು ಪಠ್ಯದಿಂದ, ಕೊನೆಯ ಎರಡು ಕಷ್ಟದವು. ಬೆರೆಸುವುದು ಬಹಳ ಮುಖ್ಯ. ಪಠ್ಯಪುಸ್ತಕದ ಅಭ್ಯಾಸದಲ್ಲಿ ಅಧ್ಯಾಯದ ತಲೆಬರಹವೇ ದಾರಿ ಹೇಳಿಬಿಡುತ್ತದೆ: 'ಇಂಟಿಗ್ರೇಷನ್ ಬೈ ಪಾರ್ಟ್ಸ್' ಎಂಬ ಶೀರ್ಷಿಕೆಯ ಕೆಳಗಿನ ಲೆಕ್ಕಕ್ಕೆ ಯಾವ ವಿಧಾನ ಎಂದು ಯೋಚಿಸುವ ಅಗತ್ಯವೇ ಇಲ್ಲ. ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ. ಸಬ್‌ಸ್ಟಿಟ್ಯೂಷನ್ನೋ, ಪಾರ್ಶಿಯಲ್ ಫ್ರ್ಯಾಕ್ಷನ್ನೋ, ಬೈ ಪಾರ್ಟ್ಸೋ ಎಂದು ಗುರುತಿಸುವುದೇ ಅರ್ಧ ಲೆಕ್ಕ, ಆ ಅರ್ಧಕ್ಕೆ ನಮ್ಮ ಮಕ್ಕಳಿಗೆ ಅಭ್ಯಾಸವೇ ಇಲ್ಲ.

ಒಂದೇ ಸನ್ನಿವೇಶವನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸುವುದು ಹೇಗೆ ಎಂಬುದಕ್ಕೆ ಸಕಲೇಶಪುರದ ಕಣದಲ್ಲಿ ಕಾಣುವ ಲೆಕ್ಕವನ್ನೇ ತೆಗೆದುಕೊಳ್ಳಿ. ಒಣಗಿದ ಕಾಫಿಯನ್ನು ನಿಮಿಷಕ್ಕೆ 36 ಲೀಟರಿನಂತೆ, ಅಂದರೆ 36,000 ಘನ ಸೆಂ.ಮೀ., ಒಂದೇ ಜಾಗಕ್ಕೆ ಸುರಿಯುತ್ತಿದ್ದಾರೆ. ರಾಶಿ ಶಂಕುವಿನಾಕಾರದಲ್ಲಿ ಏಳುತ್ತದೆ, ತಳದ ತ್ರಿಜ್ಯ ಯಾವಾಗಲೂ ಎತ್ತರದ ಎರಡರಷ್ಟು. ಎತ್ತರ 30 ಸೆಂ.ಮೀ. ಆದ ಕ್ಷಣದಲ್ಲಿ ಅದು ಎಷ್ಟು ವೇಗವಾಗಿ ಏರುತ್ತಿದೆ?

ಶಂಕುವಿನ ಘನಫಲ ಪೈ × ತ್ರಿಜ್ಯದ ವರ್ಗ × ಎತ್ತರದ ಮೂರನೇ ಒಂದು ಭಾಗ. ತ್ರಿಜ್ಯದ ಜಾಗದಲ್ಲಿ ಎತ್ತರದ ಎರಡರಷ್ಟು ಹಾಕಿದರೆ 4/3 × ಪೈ × ಎತ್ತರದ ಘನ ಆಗುತ್ತದೆ. ಈಗ ಕಾಲದ ಮೇಲೆ ಡಿಫರೆನ್ಶಿಯೇಟ್ ಮಾಡಿದರೆ 4 × ಪೈ × ಎತ್ತರದ ವರ್ಗ × ಎತ್ತರದ ವೇಗ. ಎತ್ತರ 30 ಹಾಕಿ: 3600 × ಪೈ × ವೇಗ = 36,000. ವೇಗ 10/ಪೈ, ಸುಮಾರು ನಿಮಿಷಕ್ಕೆ 3.18 ಸೆಂ.ಮೀ. ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ತ್ರಿಜ್ಯವನ್ನು ಹಾಗೇ ಬಿಟ್ಟು ಎರಡು ಚರಗಳೊಂದಿಗೆ ಒದ್ದಾಡುವುದು. ಇನ್ನೊಂದು, ಡಿಫರೆನ್ಶಿಯೇಟ್ ಮಾಡುವ ಮೊದಲೇ 30 ಹಾಕಿಬಿಡುವುದು. ಆಗ ಘನಫಲ ಒಂದು ಸ್ಥಿರ ಸಂಖ್ಯೆಯಾಗಿ, ಡೆರಿವೇಟಿವ್ ಸೊನ್ನೆಯಾಗಿ, ಕಾಫಿ ಸುರಿಯುತ್ತಲೇ ಇದ್ದರೂ ರಾಶಿ ಏರದೆ ನಿಲ್ಲುತ್ತದೆ!

ಮುಂದಿನ ಪ್ರಶ್ನೆ: ಅದೇ ಕ್ಷಣದಲ್ಲಿ ತ್ರಿಜ್ಯ ಹೆಚ್ಚುವ ವೇಗ? ಎರಡರಷ್ಟು, 20/ಪೈ. ಅದರ ಮುಂದೆ: ತಳದ ವಿಸ್ತೀರ್ಣ ಹೆಚ್ಚುವ ವೇಗ? 2 × ಪೈ × 60 × 20/ಪೈ, ಪೈ ಹೊಡೆದುಹೋಗಿ ನಿಮಿಷಕ್ಕೆ 2400 ಚದರ ಸೆಂ.ಮೀ. ಕೊನೆಗೆ ನಕ್ಷತ್ರ ಹಾಕಿದ ಪ್ರಶ್ನೆ: ಸುರಿಯಲು ಶುರು ಮಾಡಿ ಎಷ್ಟು ಹೊತ್ತಿಗೆ ಎತ್ತರ 30 ಆಗುತ್ತದೆ? ಇದಕ್ಕೆ ಕ್ಯಾಲ್ಕುಲಸ್ಸೇ ಬೇಡ, ಘನಫಲ 36,000 ಪೈ, ಅದನ್ನು 36,000ದಿಂದ ಭಾಗಿಸಿದರೆ ಪೈ ನಿಮಿಷ. ಸೂತ್ರದ ಹಿಂದೆ ಓಡುವ ಮಗು ಇಲ್ಲಿ ಮತ್ತೆ ಡಿಫರೆನ್ಶಿಯೇಟ್ ಮಾಡುತ್ತದೆ, ಓದಿಕೊಂಡ ಮಗು ನಗುತ್ತದೆ. ನಾಲ್ಕೂ ಲೆಕ್ಕಕ್ಕೆ ಒಂದೇ ಚಿತ್ರ ಸಾಕು.

ಉತ್ತರ ಕೊಡುವ ರೀತಿಯ ಮೇಲೆ ಹಾಳೆಯ ಅರ್ಧ ಪ್ರಯೋಜನ ನಿಂತಿದೆ. ಮಾರುಕಟ್ಟೆಯ ಗೈಡಿನಲ್ಲಿ ಲೆಕ್ಕದ ಕೆಳಗೇ ಪೂರ್ತಿ ಬಿಡಿಸಿಟ್ಟಿರುತ್ತಾರೆ. ಎರಡು ನಿಮಿಷ ಯೋಚಿಸಿ ಕಣ್ಣು ಕೆಳಗೆ ಜಾರಿದರೆ ಮುಗಿಯಿತು ಕಥೆ. ನಮ್ಮ ಹಾಳೆಯ ಹಿಂಬದಿಯಲ್ಲಿ ತಲೆಕೆಳಗಾಗಿ ಕೊನೆಯ ಉತ್ತರ ಮಾತ್ರ ಇರಲಿ. ಕಷ್ಟದ ಎರಡಕ್ಕೆ ಒಂದು ಸಾಲಿನ ಸುಳಿವು. ಪೂರ್ತಿ ಹಂತಗಳು ಮುಂದಿನ ವಾರದ ಹಾಳೆಯ ಜೊತೆ. ಹಾಳೆ ಬರೆಯುವ ತಾಲ್ಲೂಕು ಒಂದು, ಉತ್ತರ ನೋಡದೆ ಬಿಡಿಸಿ ಪರೀಕ್ಷಿಸುವ ತಾಲ್ಲೂಕು ಇನ್ನೊಂದು. ಬೇಲೂರು ಬರೆದರೆ ಆಲೂರು ಬಿಡಿಸಲಿ. ಕೀ ಉತ್ತರದಲ್ಲಿ ಒಂದು ತಪ್ಪಿದ್ದರೂ, ತನ್ನದೇ ತಪ್ಪು ಎಂದು ಇಡೀ ಸಂಜೆ ತಲೆ ಕೆಡಿಸಿಕೊಂಡ ಮಗು ಮುಂದಿನ ವಾರ ಹಾಳೆ ಮುಟ್ಟುವುದಿಲ್ಲ. ಎಂಟು ತಾಲ್ಲೂಕಿಗೆ ಮೂರು ಸುತ್ತು ಎಂದರೆ 24 ಹಾಳೆ, ಜೂನ್‌ನಿಂದ ಡಿಸೆಂಬರ್‌ವರೆಗೆ ದಸರಾ ರಜೆ ಕಳೆದು ಅಷ್ಟೇ ಬೇಕಾಗುವುದು. ಎರಡು ಮಗ್ಗುಲಿನ ಝೆರಾಕ್ಸಿಗೆ ಮೂರು ರೂಪಾಯಿ ಹಿಡಿದರೂ ಮಗುವಿಗೆ ವರ್ಷಕ್ಕೆ 72 ರೂಪಾಯಿ. ಕಾಲೇಜು ಅಭಿವೃದ್ಧಿ ಸಮಿತಿಗೆ ಇದು ಭಾರವಲ್ಲ.

ಇನ್ನು ಆ ಒಂದು ಗಂಟೆ. ಮೊದಲ 10 ನಿಮಿಷ ಹಿಂದಿನ ವಾರ ತಪ್ಪಿದ ಎರಡು ಲೆಕ್ಕವನ್ನು ಪುಸ್ತಕ ಮುಚ್ಚಿ ಮತ್ತೆ ಮಾಡುವುದು. ಅನಂತರ 30 ನಿಮಿಷ ತರಗತಿ ಸದ್ದಿಲ್ಲದೆ ಬರೆಯುತ್ತದೆ, ಉಪನ್ಯಾಸಕರು ಬೆಂಚುಗಳ ನಡುವೆ ಓಡಾಡುತ್ತ ನೋಡುತ್ತಾರೆ, ಹೇಳಿಕೊಡುವುದಿಲ್ಲ. ಇದು ಅಂದುಕೊಂಡಷ್ಟು ಸುಲಭವಲ್ಲ, ಪಾಠ ಮಾಡಿ ರೂಢಿಯಾದ ಬಾಯಿ ಸುಮ್ಮನಿರುವುದಿಲ್ಲ. ಕೊನೆಯ 20 ನಿಮಿಷ ಹೆಚ್ಚು ಜನ ಸಿಕ್ಕಿಬಿದ್ದ ಮೂರು ಜಾಗ ಮಾತ್ರ ಬೋರ್ಡಿಗೆ ಬರಲಿ, ಅದೂ ಸಾಧ್ಯವಾದರೆ ಮಕ್ಕಳ ಕೈಯಿಂದ. ಡಿಸೆಂಬರ್ ನಂತರ ತಿಂಗಳಿಗೆರಡು ಸಲ ಇದೇ ಅವಧಿಯಲ್ಲಿ 15 ಸಿಇಟಿ ಪ್ರಶ್ನೆ, 20 ನಿಮಿಷ, ಗಡಿಯಾರ ಇಟ್ಟು ಮಾಡಿಸಿ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಓಎಂಆರ್‌ನಲ್ಲಿ ಒಂದು ವೃತ್ತವೂ ಖಾಲಿ ಉಳಿಯಬಾರದು. ಜೆಇಇ ಮೇನ್‌ನಲ್ಲಿ ಸರಿಗೆ 4, ತಪ್ಪಿಗೆ 1 ಕಳೆತ, ಅಲ್ಲಿ ಈ ಬುದ್ಧಿ ನಡೆಯದು. ಎರಡನ್ನೂ ಬರೆಯುವ ಮಕ್ಕಳಿಗೆ ಎರಡೂ ರೀತಿಯಲ್ಲಿ ಅಭ್ಯಾಸ ಬೇಕು.

ತಪ್ಪಿನ ನೋಟ್‌ಬುಕ್ ಒಂದು ಇರಲೇಬೇಕು. ತಪ್ಪಿದ ಲೆಕ್ಕ, ಅದರ ಪಕ್ಕದಲ್ಲಿ ಕಾರಣ: ಪ್ರಶ್ನೆ ಸರಿಯಾಗಿ ಓದಲಿಲ್ಲ, ಆಲ್ಜೀಬ್ರಾ ತಪ್ಪಿತು, ವಿಧಾನ ಹೊಳೆಯಲಿಲ್ಲ, ಹೊತ್ತು ಸಾಲಲಿಲ್ಲ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಆಲ್ಜೀಬ್ರಾ ತಪ್ಪುವವರಿಗೆ ಇನ್ನಷ್ಟು ಇಂಟಿಗ್ರೇಷನ್ ಕೊಟ್ಟು ಪ್ರಯೋಜನವಿಲ್ಲ. ದಿನಕ್ಕೆ ಐದು ಅಪವರ್ತನ, ಐದು ವರ್ಗ ಪೂರ್ಣಗೊಳಿಸುವುದು, ಎರಡು ವಾರ ಮಾಡಿಸಿದರೆ ಇಂಟಿಗ್ರೇಷನ್ ತಾನಾಗಿ ಸುಧಾರಿಸುತ್ತದೆ. ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ ಅಂಕ ಹೋಗುವುದು ಬಹುಪಾಲು ಓದುವ ತಪ್ಪಿನಿಂದ: 'ಕನಿಷ್ಠ' ಇದ್ದದ್ದನ್ನು 'ಗರಿಷ್ಠ' ಎಂದು ಓದಿ ತಪ್ಪು ಕಡೆ ಶೇಡ್ ಮಾಡುವುದು. ಮೂಲಬಿಂದುವನ್ನು ಹಾಕಿ ನೋಡುವ ಹತ್ತು ಸೆಕೆಂಡಿನ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ.

ಲೆಕ್ಕಗಳನ್ನು ಎಲ್ಲಿಂದ ತರುವುದು ಎಂಬ ಚಿಂತೆ ಬೇಡ, ಹೊಸದಾಗಿ ಕೊಳ್ಳಬೇಕಾದ್ದು ಏನೂ ಇಲ್ಲ. ನಮ್ಮ ಪಠ್ಯವೇ ಎನ್‌ಸಿಇಆರ್‌ಟಿಯದು. ಪ್ರತಿ ಅಧ್ಯಾಯದ ಕೊನೆಯ ಮಿಸಲೇನಿಯಸ್ ಎಕ್ಸರ್‌ಸೈಜನ್ನು ಬಹಳ ಕಾಲೇಜುಗಳಲ್ಲಿ ಮುಟ್ಟುವುದೇ ಇಲ್ಲ. ಒಳ್ಳೆಯ ಲೆಕ್ಕಗಳಿರುವುದು ಅಲ್ಲೇ. ಅದರಾಚೆಗೆ ಎನ್‌ಸಿಇಆರ್‌ಟಿಯ ಎಕ್ಸೆಂಪ್ಲರ್ ಪ್ರಾಬ್ಲಮ್ಸ್, 11 ಮತ್ತು 12ನೇ ತರಗತಿಗೆ ಪ್ರತ್ಯೇಕ, ಅವರ ಜಾಲತಾಣದಲ್ಲಿ ಪಿಡಿಎಫ್ ಉಚಿತ. ಪರೀಕ್ಷಾ ಮಂಡಳಿಯ ಮಾದರಿ ಪತ್ರಿಕೆಗಳು, ಪರೀಕ್ಷಾ ಪ್ರಾಧಿಕಾರದ ಹಳೆಯ ಸಿಇಟಿ ಪತ್ರಿಕೆಗಳು ಕೂಡ ಹಾಗೆಯೇ. ಐಐಟಿ ಕಾನ್ಪುರ ನಡೆಸುವ 'ಸಾಥಿ' ತಾಣದಲ್ಲಿ ಜೆಇಇ ತಯಾರಿಗೆ ದುಡ್ಡು ಕೇಳುವುದಿಲ್ಲ. ಗ್ರಾಫ್ ಎಳೆದು ತೋರಿಸಲು ಜಿಯೋಜಿಬ್ರಾ ಸಾಕು, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ವಿಡಿಯೊಗಳ ಬಗ್ಗೆ ಮಾತ್ರ ಒಂದು ಎಚ್ಚರಿಕೆ: ವಿಡಿಯೊ ನೋಡುವುದೂ ಬೋರ್ಡ್ ನೋಡುವುದರ ಇನ್ನೊಂದು ರೂಪವೇ. ಲೆಕ್ಕ ಓದಿ, ವಿಡಿಯೊ ನಿಲ್ಲಿಸಿ, ತಾನು ಮಾಡಿ, ಆಮೇಲೆ ಮುಂದಕ್ಕೆ ಬಿಡುವವರಿಗೆ ಉಪಯೋಗ.

ಹಳೆಯ ಪುಸ್ತಕ ಬಳಸುವಾಗ ಒಂದು ಜರಡಿ ಬೇಕು. 2023ರ ಪರಿಷ್ಕೃತ ಪಠ್ಯದಲ್ಲಿ ಪ್ರಥಮ ಪಿಯುವಿನಿಂದ ಮ್ಯಾಥಮೆಟಿಕಲ್ ಇಂಡಕ್ಷನ್, ಮ್ಯಾಥಮೆಟಿಕಲ್ ರೀಸನಿಂಗ್ ಹೋಗಿವೆ. ದ್ವಿತೀಯದಿಂದ ಬೈನರಿ ಆಪರೇಷನ್, ಡಿಟರ್ಮಿನೆಂಟಿನ ಗುಣಗಳ ವಿಭಾಗ, ರೋಲ್ಸ್ ಮತ್ತು ಮೀನ್ ವ್ಯಾಲ್ಯೂ ಪ್ರಮೇಯ, ಟ್ಯಾಂಜೆಂಟ್-ನಾರ್ಮಲ್, ಎರಡು ಕರ್ವ್‌ಗಳ ನಡುವಿನ ವಿಸ್ತೀರ್ಣ, ಪ್ಲೇನ್, ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಹೋಗಿವೆ. ಎಕ್ಸೆಂಪ್ಲರ್ ಈ ಕಡಿತಕ್ಕೆ ಮುಂಚಿನದು, ಸೆಕೆಂಡ್ ಹ್ಯಾಂಡ್ ಗೈಡ್‌ಗಳೂ ಅಷ್ಟೇ. ಈಗ ಪಠ್ಯದಲ್ಲಿಲ್ಲದ ಅಧ್ಯಾಯಕ್ಕೆ ಮಕ್ಕಳು ವಾರಗಟ್ಟಲೆ ಕೂರುತ್ತಾರೆ. 2024ರ ಸಿಇಟಿಯಲ್ಲಿ ಕೈಬಿಟ್ಟ ಭಾಗದ ಪ್ರಶ್ನೆಗಳು ಬಂದು ಗಲಾಟೆಯಾಗಿ ಅವನ್ನು ಲೆಕ್ಕಕ್ಕೆ ಹಿಡಿಯದೆ ಬಿಡಬೇಕಾಯಿತು, ಹಾಗಾಗಿ ಆ ವರ್ಷದ ಮತ್ತು ಅದಕ್ಕಿಂತ ಹಿಂದಿನ ಪತ್ರಿಕೆಗಳನ್ನೂ ಸೋಸಿಯೇ ಕೊಡಬೇಕು. ಜೆಇಇ ಅಡ್ವಾನ್ಸ್‌ಡ್ ಗುರಿ ಇರುವವರಿಗೆ ಮಾತ್ರ ಪ್ಲೇನ್, ಮೀನ್ ವ್ಯಾಲ್ಯೂ ಪ್ರಮೇಯ ಬೇಕೇ ಬೇಕು. ಲೀನಿಯರ್ ಪ್ರೋಗ್ರಾಮಿಂಗ್ ಪಿಯು ಮತ್ತು ಸಿಇಟಿಗೆ ಬೇಕು, ಜೆಇಇಗೆ ಬೇಡ. ಹಾಳೆಯಲ್ಲಿ ಪ್ರತಿ ಲೆಕ್ಕದ ಮುಂದೆ 'ಪಿ', 'ಸಿ', 'ಜೆ' ಎಂದು ಒಂದಕ್ಷರ ಹಾಕಿದರೆ ಈ ಗೊಂದಲ ತಪ್ಪುತ್ತದೆ.

ಕಷ್ಟದ ಎರಡು ಲೆಕ್ಕಗಳಿಗೆ ಕೈ ಚಾಚುವ ಮಕ್ಕಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಅವರಿಗೆ ಮುಂದಿನ ದಾರಿ ಇದೆ ಎಂದೇ ಯಾರೂ ಹೇಳಿರುವುದಿಲ್ಲ. ಗಣಿತ ಒಲಿಂಪಿಯಾಡ್‌ನ ಮೊದಲ ಹಂತವಾದ ಐಒಕ್ಯೂಎಂ ಮೂರು ಗಂಟೆಯ ಪತ್ರಿಕೆ, 30 ಪ್ರಶ್ನೆ, ಉತ್ತರಗಳೆಲ್ಲ 0ಯಿಂದ 99ರೊಳಗಿನ ಪೂರ್ಣಾಂಕ. ಸೆಪ್ಟೆಂಬರ್ ಆರಂಭದಲ್ಲಿ ನಡೆಯುವುದರಿಂದ ನೋಂದಣಿ ಮಳೆಗಾಲದಲ್ಲೇ ಮುಗಿದಿರುತ್ತದೆ, ಕಾಲೇಜಿನ ನೋಟಿಸ್ ಬೋರ್ಡಿಗೆ ಸುದ್ದಿ ಬರುವುದು ಆಮೇಲೆ. ಗಣಿತವನ್ನೇ ಓದಬೇಕೆನ್ನುವವರಿಗೆ ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಿ.ಮ್ಯಾಥ್ ಇದೆ, ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಎರಡಕ್ಕೂ ಪ್ರತ್ಯೇಕ ಪ್ರವೇಶ ಪರೀಕ್ಷೆ, ಹಳೆಯ ಪತ್ರಿಕೆಗಳು ಅವರ ತಾಣಗಳಲ್ಲೇ ಸಿಗುತ್ತವೆ. ಅಲ್ಲಿ ಉತ್ತರದಷ್ಟೇ ತರ್ಕ ಬರೆಯುವುದೂ ಎಣಿಕೆಗೆ ಬರುತ್ತದೆ. ಪಿಯು ಕಚೇರಿಯಿಂದ ಜೂನ್ ತಿಂಗಳಲ್ಲೇ ಒಂದು ಪುಟದ ಸುತ್ತೋಲೆ ಹೊರಟರೆ ಸಾಕು.

ಡೌಟ್ ಕೇಳಲು ವಾಟ್ಸ್‌ಆ್ಯಪ್ ಗುಂಪು ಮಾಡಿದ ಕಡೆಗಳಲ್ಲಿ ಅದು ಒಂದು ತಿಂಗಳಿಗೆ ಗುಡ್ ಮಾರ್ನಿಂಗ್ ಗುಂಪಾಗುತ್ತದೆ. ನಿಯಮ ಬೇಕು: ತಾನು ಎಷ್ಟು ದೂರ ಮಾಡಿದೆ ಎಂಬುದರ ಫೋಟೊ ಇಲ್ಲದೆ ಪ್ರಶ್ನೆ ಇಲ್ಲ. 'ಈ ಲೆಕ್ಕ ಮಾಡಿಕೊಡಿ ಸರ್' ಎಂಬುದಕ್ಕೆ ಉತ್ತರವಿಲ್ಲ, 'ಮೂರನೇ ಸ್ಟೆಪ್‌ನಿಂದ ಮುಂದೆ ಗೊತ್ತಾಗಲಿಲ್ಲ' ಎಂಬುದಕ್ಕೆ ಇದೆ. ಉತ್ತರ ಕೊಡುವವರು ಒಂದು ಸಾಲು ಮುಂದಕ್ಕೆ ತಳ್ಳಿ ನಿಲ್ಲಿಸಬೇಕು. ಈ ಕೆಲಸಕ್ಕೆ ಹಾಸನದ ಎಂಜಿನಿಯರಿಂಗ್ ಕಾಲೇಜುಗಳ, ಬಿಎಸ್ಸಿ ಗಣಿತದ ವಿದ್ಯಾರ್ಥಿಗಳನ್ನು ಕೇಳಬಹುದು. ಅವರಲ್ಲಿ ಹಲವರು ಇದೇ ಪಠ್ಯ ಮುಗಿಸಿ ಎರಡು ವರ್ಷವೂ ಆಗಿರುವುದಿಲ್ಲ. ತಾಲ್ಲೂಕು ಗ್ರಂಥಾಲಯದಲ್ಲಿ ಭಾನುವಾರ ಎರಡು ಗಂಟೆ ಒಂದು ಮೇಜು, ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ಎಕ್ಸೆಂಪ್ಲರಿನ ಎರಡು ಮುದ್ರಿತ ಪ್ರತಿ, ಆ ವರ್ಷದ ಹಾಳೆಗಳ ಒಂದು ಫೈಲ್. ಮನೆಯಲ್ಲಿ ಒಂದೇ ಫೋನಿದ್ದು ಅದೂ ಅಪ್ಪನ ಜೇಬಿನಲ್ಲಿದ್ದರೆ ಪಿಡಿಎಫ್ ಉಚಿತ ಎಂಬ ಮಾತಿಗೆ ಬೆಲೆಯಿಲ್ಲ, ಕಾಗದವೇ ಬೇಕು.

ಸಕಲೇಶಪುರ, ಆಲೂರಿನ ಮಳೆಯನ್ನು ಬಯಲುಸೀಮೆಯ ವೇಳಾಪಟ್ಟಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜುಲೈ, ಆಗಸ್ಟಿನಲ್ಲಿ ರಜೆ ಘೋಷಣೆಯಾದರೆ, ಕರೆಂಟ್ ಹೋದರೆ, ಟವರ್ ಸಿಗದಿದ್ದರೆ ಆನ್‌ಲೈನ್ ತರಗತಿ ಹೆಸರಿಗಷ್ಟೇ. ಆ ಎರಡು ತಾಲ್ಲೂಕಿಗೆ ಜೂನ್ ಕೊನೆಯ ವಾರದಲ್ಲೇ ಎಂಟು ಹಾಳೆ ಒಟ್ಟಿಗೆ ಹೋಗಲಿ, ಪೂರ್ತಿ ಹಂತಗಳನ್ನು ಸ್ಟೇಪಲ್ ಮಾಡಿದ ಬೇರೆ ಲಕೋಟೆಯಲ್ಲಿ ಕಾಲೇಜಿನಲ್ಲಿ ಇಟ್ಟಿರಲಿ. ಅರಸೀಕೆರೆ, ಚನ್ನರಾಯಪಟ್ಟಣಕ್ಕೆ ವಾರವಾರ ಸಾಕು.

ಮೊದಲ ಹಾಳೆಯಲ್ಲಿ ಪಿಯು ಪಾಠ ಒಂದೂ ಬೇಡ. ಎಸ್ಸೆಸ್ಸೆಲ್ಸಿಯ ಅಪವರ್ತನ, ಭಿನ್ನರಾಶಿ, ವರ್ಗ ಸಮೀಕರಣ, ತ್ರಿಕೋನಮಿತಿಯ ಆರು ಅನುಪಾತ, ಸರಳರೇಖೆಯ ಗ್ರಾಫ್, ಅಷ್ಟೇ. ಪ್ರಥಮ ಪಿಯು ತರಗತಿ ಶುರುವಾದ ವಾರದಲ್ಲೇ ಅದನ್ನು ಕೊಟ್ಟು ಅಂಕ ಹಾಕದೆ ನೋಡಿದರೆ ಯಾವ ಕಾಲೇಜಿಗೆ ಏನು ಬೇಕು ಎಂಬುದು ಅಂದೇ ತಿಳಿಯುತ್ತದೆ. ಆ ಹಾಳೆಯೂ ಸೇರಿ ನಾಲ್ಕು ಹಾಳೆಗಳ ಕರಡನ್ನು ಈ ಪತ್ರದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ತಲುಪಿಸುತ್ತಿದ್ದೇವೆ. ಮೂರನೆಯದರಲ್ಲಿ ಕಾಫಿ ರಾಶಿಯ ಲೆಕ್ಕವಿದೆ. ತಿದ್ದುವುದಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಬೇಕೆಂದು ಕೋರುತ್ತೇವೆ.

ಇಂತಿ,
ಹಾಸನ ಜಿಲ್ಲೆಯ ಕೆಲವು ಪಿಯು ಗಣಿತ ಉಪನ್ಯಾಸಕರು ಮತ್ತು ನಿವೃತ್ತ ಉಪನ್ಯಾಸಕರು